ಹಳೆಯ ಮತದಾರರ ಪಟ್ಟಿಯಲ್ಲಿ ನಮ್ಮ ಮನೆತನ



ಅಮೆರಿಕದಲ್ಲಿ 72 ವರ್ಷ ಕಳೆದ ಜನಗಣತಿಯ ಮನೆವಾರು ದಾಖಲೆಗಳನ್ನು ಜನರಿಗೆ ತೆರೆದಿಡುತ್ತಾರೆ; 1950ರದ್ದು 2022ರಲ್ಲಿ ಅಂತರ್ಜಾಲಕ್ಕೆ ಬಂತು. ನಮ್ಮ 1948ರ ಜನಗಣತಿ ಕಾಯ್ದೆ ಅದಕ್ಕೆ ಎಡೆಗೊಡುವುದಿಲ್ಲ. ಹಾಗಾಗಿ ಹಿರಿಯರ ಜಾಡು ಹುಡುಕುವ ನಮ್ಮಂಥವರಿಗೆ, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿರುವ 2002ರ ಮತದಾರರ ಪಟ್ಟಿಯೇ ದೊಡ್ಡ ಆಸರೆ. ತೀರಿಹೋದ ಅಜ್ಜಿ, ದೊಡ್ಡಪ್ಪಂದಿರು ಒಂದೇ ಮನೆ ಸಂಖ್ಯೆಯಡಿ ಸಾಲಾಗಿ ಸಿಕ್ಕಾಗ ಆದ ಸಂತೋಷ ಹೇಳತೀರದು.

ಹುಡುಕುವವರು ಒಂದು ಸಂಗತಿ ನೆನಪಿಡಬೇಕು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ನಮ್ಮ ತುಮಕೂರು ಜಿಲ್ಲೆಯ ಕಲ್ಲೂರು, ಬೆಳ್ಳಾವಿ, ಹುಲಿಯೂರುದುರ್ಗ ಕ್ಷೇತ್ರಗಳೇ ಇಲ್ಲವಾದವು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ಆ ಹಳೆಯ ಹೆಸರುಗಳ ಕೆಳಗೇ ನೋಡಬೇಕು.

ಮದುವೆಯಾದ ಹೆಣ್ಣುಮಕ್ಕಳ ಮುಂದೆ ಸಾಮಾನ್ಯವಾಗಿ ಗಂಡನ ಹೆಸರಷ್ಟೇ ಇರುವುದರಿಂದ ತವರಿನ ಎಳೆ ಅಲ್ಲೇ ಕಡಿದುಹೋಗುತ್ತದೆ. ನನ್ನನ್ನು ಬಹಳ ಕಾಡಿದ್ದು ಇದೇ. ತವರಿನ ವಿವರ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದಿಡಿ. 1950–60ರ ದಶಕಗಳ ಪಟ್ಟಿಗಳು ಜಿಲ್ಲಾ, ತಾಲ್ಲೂಕು ಕಚೇರಿಗಳಲ್ಲಿ ಉಳಿದಿದ್ದರೆ, ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಸಿಗುವಂತೆ ಮಾಡಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

— ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು