ಹಗುರ ಫ್ಲೈವೀಲ್ ಮತ್ತು ಊರೊಳಗಿನ ಕಾರು
ಕ್ರ್ಯಾಂಕ್‌ಶಾಫ್ಟ್‌ನ ತುದಿಗೆ ಬಿಗಿದ ಭಾರವಾದ ಲೋಹದ ಚಕ್ರವೇ ಫ್ಲೈವೀಲ್. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅರ್ಧ ಸುತ್ತಿಗೊಮ್ಮೆ ದೊರೆಯುವ ನೂಕುಬಲವನ್ನು ಅದು ತನ್ನ ಜಡತ್ವದಲ್ಲಿ ಹಿಡಿದಿಟ್ಟು, ನಡುವಿನ ಅವಧಿಯಲ್ಲಿ ಎಂಜಿನ್ ಮುಗ್ಗರಿಸದಂತೆ ನೋಡಿಕೊಳ್ಳುತ್ತದೆ. ಈ ಜಡತ್ವವು ತೂಕವನ್ನಲ್ಲದೆ ತ್ರಿಜ್ಯದ ವರ್ಗವನ್ನೂ ಅವಲಂಬಿಸುವುದರಿಂದ, ಚಕ್ರದ ಅಂಚಿನಲ್ಲಿ ಕಡೆದು ತೆಗೆದ 1 ಕಿಲೋ, ನಡುಭಾಗದಲ್ಲಿ ತೆಗೆದ ಅಷ್ಟೇ ತೂಕಕ್ಕಿಂತ ಹೆಚ್ಚು ಪರಿಣಾಮ ಬೀರಿ, ಎಂಜಿನ್ನಿನ ವೇಗ ಥಟ್ಟನೆ ಏರಿ ಥಟ್ಟನೆ ಇಳಿಯುವಂತೆ ಮಾಡುತ್ತದೆ. ಇದರ ಲಾಭ ಗೇರ್ ಅನುಪಾತದ ವರ್ಗಕ್ಕೆ ಅನುಗುಣವಾಗಿ ಒದಗುವ ಕಾರಣ ಮೊದಲ ಗೇರಿನಲ್ಲಿ ಎದ್ದು ಕಂಡು, ಐದನೆಯದರಲ್ಲಿ ಬಹುತೇಕ ಮರೆಯಾಗುತ್ತದೆ. ಅಶ್ವಶಕ್ತಿಯೇ ಹೆಚ್ಚಿತೆಂಬ ನಂಬಿಕೆ ಮಾತ್ರ ಹುಸಿ. ರೇಸಿಗೆ ಒಪ್ಪುವ ಈ ಚುರುಕು ದಿನನಿತ್ಯದ ಓಡಾಟದಲ್ಲಿ ಕಾಟವಾಗುವುದೇ ಹೆಚ್ಚು: ಎಸಿ ಹಾಕಿಕೊಂಡು ಮೇಲ್ಸೇತುವೆಯ ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ, ಕಂಪ್ರೆಸರಿನ ಹೊರೆಯನ್ನೂ ಹೊತ್ತ ಎಂಜಿನ್, ಆಕ್ಸಿಲರೇಟರ್ ತುಸು ಸಡಿಲವಾದರೂ ಆಫ್ ಆಗುತ್ತದೆ, ಆ ಭಯಕ್ಕೆ ಚಾಲಕರು ಹಾಫ್ ಕ್ಲಚ್‌ನಲ್ಲೇ ಸಾಗತೊಡಗಿದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಒಳಗೆ ಸ್ಪ್ರಿಂಗುಗಳಿರುವ ಡ್ಯುಯಲ್ ಮಾಸ್ ಫ್ಲೈವೀಲ್ ತೆಗೆದು ಒಂದೇ ತುಂಡಿನ ಹಗುರ ಚಕ್ರ ಕೂರಿಸಿದ ಕಾರುಗಳಲ್ಲಿ, ನ್ಯೂಟ್ರಲ್‌ನಲ್ಲಿದ್ದಾಗ ಗೇರ್‌ಬಾಕ್ಸ್ ಗಡಗಡಿಸಿ, ಕ್ಲಚ್ ಒತ್ತಿದೊಡನೆ ಸದ್ದಡಗುವುದು ಸಾಮಾನ್ಯವಾಗಿದ್ದು, ಅದಕ್ಕಾಗಿ ಬೇರಿಂಗ್ ಬದಲಿಸುವುದು ವ್ಯರ್ಥ ಖರ್ಚು.