ಮೈಸೂರಿನ ಪಿನ್‌ಕೋಡು ಒಡೆಯುವುದಿಲ್ಲ



ಮೈಸೂರಿಗೆ ಕಾಗದ ಹಾಕುವಾಗ 570001 ಅಂತ ಬರೆದಿರುತ್ತೀರಿ. ಅದು ಅಲ್ಲಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡು. ಈ ಆರಂಕಿ ಪದ್ಧತಿ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅಂಚೆಯವರು ಲೆಕ್ಕ ಮಾಡಲೆಂದು ಅದನ್ನು ಕೊಟ್ಟಿಲ್ಲ, ನಿಜ. ಆದರೂ ಅದು ಅವಿಭಾಜ್ಯ ಸಂಖ್ಯೆ. ಒಂದನ್ನೂ ಅದನ್ನೂ ಬಿಟ್ಟರೆ ಇನ್ಯಾವ ಮಗ್ಗಿಯಲ್ಲೂ ಬರೋದಿಲ್ಲ.

ಹೇಗೆ ಗೊತ್ತು ಅಂತ ನೀವು ಕೇಳಬೇಕು. ನಾವು ಕೇಳುವುದಿಲ್ಲ ಎಂಬುದೇ ನನ್ನ ತಕರಾರು. ಅವಿಭಾಜ್ಯ ಸಂಖ್ಯೆ ಎಂದರೇನು ಅಂತ ಬಾಯಿಪಾಠ ಮಾಡಿ 97ರವರೆಗೆ ಗಡಗಡ ಒಪ್ಪಿಸುತ್ತೇವೆ. ದೊಡ್ಡ ಸಂಖ್ಯೆ ಬಂದರೆ 2, 3, 5, 7, 11ರಲ್ಲಿ ನೋಡಿ, ಹೋಗದಿದ್ದರೆ 'ಅವಿಭಾಜ್ಯ' ಅಂದುಬಿಡುತ್ತೇವೆ.

ನಾನೂ ಹಾಗೇ ಅಂದವನು. 570007 ತಗೊಂಡು 101ರವರೆಗೆ ಭಾಗಿಸಿದೆ, ಎಲ್ಲದರಲ್ಲೂ ಶೇಷ ಉಳಿಯಿತು. ಕರಿಹಲಗೆಯ ಮೇಲೆ ದೊಡ್ಡದಾಗಿ 'ಅವಿಭಾಜ್ಯ' ಅಂತ ಬರೆದೆ. ನಮ್ಮ ತರಗತಿಯ ಒಬ್ಬಳು ಸುಮ್ಮನಿರದೆ ನಾನು ಬಿಟ್ಟಲ್ಲಿಂದ ಮುಂದುವರಿಸಿ 647ಕ್ಕೆ ಬಂದು ನಿಂತಳು. 647 × 881 = 570007! ಅದು 118ನೇ ಭಾಗಾಕಾರ. ಬರೆದದ್ದನ್ನು ನಾನೇ ಅಳಿಸಬೇಕಾಯಿತು.

ಹಾಗಂತ ಕೊನೆಯೇ ಇಲ್ಲದೆ ಭಾಗಿಸಬೇಕಿಲ್ಲ. 755 × 755 = 570025. ಆದ್ದರಿಂದ 570001 ಒಡೆಯುವುದಾದರೆ ಅದರ ಒಂದು ಅಪವರ್ತನ 755ಕ್ಕಿಂತ ಚಿಕ್ಕದಿರಲೇಬೇಕು. ಅಷ್ಟರೊಳಗೆ ಇರುವ ಅವಿಭಾಜ್ಯ ಸಂಖ್ಯೆಗಳು 133. 19ರಲ್ಲಿ ಭಾಗಿಸಿದರೆ ಶೇಷ 1, 59ರಲ್ಲಿ 2. 103ರಲ್ಲಿ ಶೇಷ 102, ಇನ್ನೊಂದು ಇದ್ದಿದ್ದರೆ ಹೋಗಿಬಿಡುತ್ತಿತ್ತು! ಕೊನೆಯ 751ರಲ್ಲೂ ಹೋಗಲಿಲ್ಲ.

ಇನ್ನೊಂದು ಸೊಗಸಿದೆ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫ್ರಾನ್ಸಿನ ಫರ್ಮಾ 1640ರಲ್ಲಿ ಹೇಳಿದ್ದನ್ನು ನೂರು ವರ್ಷ ಕಳೆದ ಮೇಲೆ ಆಯ್ಲರ್ ಸಾಧಿಸಿ ತೋರಿಸಿದ. ನಮ್ಮ ಪಿನ್‌ಕೋಡಿಗೆ ಅದು 425² + 624². ಕೂಡಿ ನೋಡಿ: 180625 + 389376. ಇದನ್ನು ಹುಡುಕಲು ನನಗೆ ಎರಡು ಭಾನುವಾರ ಹಿಡಿಯಿತು, ಅಮ್ಮನ ಹತ್ತಿರ ಬೈಸಿಕೊಂಡದ್ದು ಬೇರೆ.

ಮೊಬೈಲಿನಲ್ಲಿ ಒತ್ತಿದರೆ ಆಯ್ತಪ್ಪ, ಇಷ್ಟು ಕಷ್ಟ ಯಾಕೆ ಅನ್ನುತ್ತಾರೆ ಕೆಲವರು. ಮೊಬೈಲು 'ಹೌದು' ಅನ್ನುತ್ತೆ, ನಾವೂ 'ಹೌದು' ಅನ್ನುತ್ತೇವೆ. ಅದಕ್ಕೂ ನಾನು ಹಲಗೆಯ ಮೇಲೆ ಬರೆದದ್ದಕ್ಕೂ ಏನು ವ್ಯತ್ಯಾಸ? ಎರಡನ್ನೂ ನೀವು ಸುಮ್ಮನೆ ನಂಬಿದಿರಿ. ಮೇಷ್ಟ್ರು ತಿಂಗಳಿಗೊಂದು ಗಣಿತದ ಪೀರಿಯಡ್ಡನ್ನು ಇಂಥ ಒಂದೇ ಒಂದು ಸಂಖ್ಯೆಗೆ ಬಿಟ್ಟುಕೊಡಲಿ. ತರಗತಿಯಲ್ಲಿ 34 ಜನ ಇದ್ದೇವೆ. ತಲೆಗೆ ನಾಲ್ಕು ಭಾಗಾಕಾರ ಹಂಚಿಕೊಂಡರೆ 133 ಮುಗಿದೇ ಹೋಗುತ್ತದೆ.

570013 ಅನ್ನು 61ರವರೆಗೆ ಭಾಗಿಸಿದ್ದೇನೆ, ಒಡೆದಿಲ್ಲ. ಈ ಸಲ ಹಲಗೆಯ ಮೇಲೆ ಏನೂ ಬರೆದಿಲ್ಲ. 67ರಿಂದ ಮುಂದಕ್ಕೆ ಯಾರು ಬರ್ತೀರಿ?