ಗುಂಡು ಹೊಡೆದರೆ ಮುಗಿಯಿತೆ?

"ಅಂಥ ರಾಕ್ಷಸರಿಗೆ ಸಾಕ್ಷಿಯೇನು, ಪುರಾವೆಯೇನು? ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯಬೇಕು" ಎಂದರು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು. ಇರಾಕಿನ ಯಜೀದಿ ಹೆಂಗಸರ ಮಾತು ಬಂದಿತ್ತು. ಎಲ್ಲರೂ ತಲೆಯಾಡಿಸಿದರು. ನನ್ನಿಂದಾಗಲಿಲ್ಲ.

2014ರ ಆಗಸ್ಟ್ 3ರಂದು ಐಸಿಸ್ ಪಡೆ ಸಿಂಜಾರ್ ಸೀಮೆಗೆ ನುಗ್ಗಿತು. 15ರಂದು ಕೋಚೋ ಎಂಬ ಹಳ್ಳಿಯ ಜನರನ್ನೆಲ್ಲ ಊರ ಶಾಲೆಯಲ್ಲಿ ಕೂಡಿಹಾಕಿದರು. ಶಾಲೆಯಲ್ಲಿ, ನೋಡಿ! ಗಂಡಸರನ್ನು ಹೊರಗೆ ಒಯ್ದು ಕೊಂದರು, ವಯಸ್ಸಾದ ಹೆಂಗಸರನ್ನೂ ಕೊಂದರು, ಹರೆಯದವರನ್ನು ಮಾರಿದರು. ಹೆಣ್ಣನ್ನು ಹೇಗೆ ಕೊಳ್ಳಬೇಕು, ಹೇಗೆ ಇಟ್ಟುಕೊಳ್ಳಬೇಕು ಎಂದು ಕರಪತ್ರವನ್ನೇ ಹೊರಡಿಸಿದ ಮಹಾನುಭಾವರು ಇವರು.

ಸಿಕ್ಕಿಬಿದ್ದ ಮೇಲೆ ಇರಾಕಿನ ನ್ಯಾಯಾಲಯಗಳು ಮಾಡಿದ್ದೇನು? ಭಯೋತ್ಪಾದನೆಯ ಕಾನೂನಿನಡಿ "ಸಂಘಟನೆಯ ಸದಸ್ಯ" ಎಂದು ಸಾವಿರಾರು ಮಂದಿಗೆ ಶಿಕ್ಷೆ ಕೊಟ್ಟವು. ಎಷ್ಟೋ ವಿಚಾರಣೆಗಳು ಕೆಲವೇ ನಿಮಿಷಗಳವು. ಕೊಂದವನೂ ಸದಸ್ಯ, ಅವರಿಗೆ ಅಡಿಗೆ ಮಾಡಿದವನೂ ಸದಸ್ಯ. ನೊಂದವಳನ್ನು ಕರೆಸಿ "ನಿನಗೇನಾಯಿತಮ್ಮ?" ಎಂದು ಕೇಳಿದ್ದು ತೀರ ಅಪರೂಪ. ಅವನು ಗಲ್ಲಿಗೇರಿದ, ಅವಳ ಮೇಲಾದದ್ದು ಕಡತಕ್ಕೇ ಬರಲಿಲ್ಲ.

ಜರ್ಮನಿಯಲ್ಲಿ ಬೇರೆ ರೀತಿ ನಡೆಯಿತು. 2015ರಲ್ಲಿ ಫಲ್ಲೂಜಾದಲ್ಲಿ, ಹಾಸಿಗೆ ಒದ್ದೆ ಮಾಡಿತೆಂದು ಐದು ವರ್ಷದ ಹೆಣ್ಣುಮಗುವನ್ನು ಸುಡುಬಿಸಿಲಿನಲ್ಲಿ ಕಟ್ಟಿಹಾಕಿ ಸಾಯಿಸಿದ್ದರು. ತಾಯಿ ಮಗು ಇಬ್ಬರನ್ನೂ ದಾಸಿಯರಾಗಿ ಇಟ್ಟುಕೊಂಡಿದ್ದ ದಂಪತಿಗಳಲ್ಲಿ ಹೆಂಡತಿ ಜರ್ಮನಿಯವಳು. ಮತ್ತೆ ಸಿರಿಯಾಕ್ಕೆ ಹೊರಟವಳು ದಾರಿಯಲ್ಲಿ, ಕಾರಿನೊಳಗೆ, ಕಥೆಯನ್ನೆಲ್ಲ ಹೇಳಿಕೊಂಡಳು. ಕಾರಿನಲ್ಲಿ ಮೈಕ್ ಅಡಗಿಸಿಟ್ಟಿದ್ದರು! ಗಂಡನನ್ನು ಗ್ರೀಸಿನಿಂದ ಹಿಡಿದು ತಂದರು. ಬದುಕುಳಿದ ತಾಯಿಯನ್ನು ಹುಡುಕಿದರು. ಆಕೆ ದಿನಗಟ್ಟಲೆ ಕೂತು, ಎದುರು ವಕೀಲರ ಅನುಮಾನಗಳಿಗೆಲ್ಲ ಉತ್ತರ ಕೊಟ್ಟಳು. ಹೆತ್ತವಳಿಗೆ ಅದೆಂಥ ಪರೀಕ್ಷೆ! 2021ರ ನವೆಂಬರ್ 30ರಂದು ಫ್ರಾಂಕ್‌ಫರ್ಟಿನ ನ್ಯಾಯಾಲಯ ಆ ಗಂಡನಿಗೆ ಜೀವಾವಧಿ ವಿಧಿಸಿತು. ಯಜೀದಿಗಳ ನರಮೇಧಕ್ಕಾಗಿ ಐಸಿಸ್‌ನವನೊಬ್ಬನಿಗೆ ಶಿಕ್ಷೆಯಾದದ್ದು ಅದೇ ಮೊದಲು.

ವಿಶ್ವಸಂಸ್ಥೆಯೂ 2017ರಲ್ಲಿ ಪುರಾವೆ ಕೂಡಿಸಲೆಂದೇ ಒಂದು ತಂಡ ಮಾಡಿತ್ತು. 2019ರ ಮಾರ್ಚಿನಲ್ಲಿ ಕೋಚೋದ ಗುಂಡಿಗಳನ್ನು ಅಗೆಯುವಾಗ ಅದೂ ಜೊತೆಗಿತ್ತು. ಆದರೆ ಗಲ್ಲಿಗೇರಿಸುವ ನ್ಯಾಯಾಲಯಕ್ಕೆ ಪುರಾವೆ ಕೊಡಲು ಅದಕ್ಕೆ ಸಂಕೋಚ, ಕೊಡಲಿಲ್ಲವೆಂದು ಇರಾಕಿಗೆ ಸಿಟ್ಟು. 2024ರ ಸೆಪ್ಟೆಂಬರಿನಲ್ಲಿ ಇರಾಕಿನ ಇಚ್ಛೆಯಂತೆ ಬಾಗಿಲು ಹಾಕಿತು. ಗುಂಡಿಗಳು ಇನ್ನೂ ಉಳಿದಿದ್ದವು. ದೊಡ್ಡವರ ಜಗಳದಲ್ಲಿ ಹೆಂಗಸರ ಕೆಲಸ ಅರ್ಧಕ್ಕೆ ನಿಲ್ಲುವುದು ನಮಗೇನು ಹೊಸದೇ?

ಗುಂಡು ಹೊಡೆಯಿರಿ ಎಂದವರನ್ನು ಆಮೇಲೆ ಕೇಳಿದೆ: ಅಂದು ಒಯ್ದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಸುಳಿವೇ ಸಿಕ್ಕಿಲ್ಲ. ತಾನು ಮಾರಿದ ಹುಡುಗಿ ಈಗ ಯಾರ ಮನೆಯಲ್ಲಿದ್ದಾಳೆಂದು ಸತ್ತವನು ಬಂದು ಹೇಳುತ್ತಾನೆಯೇ? ಅವರು ಗಡಿಯಾರ ನೋಡಿಕೊಂಡು ತರಗತಿಗೆ ಹೊರಟರು.